ತೊಡೆಯೊಳಗಿನ ಪೈಪ್‌ಲೈನ್

ನಾನು ಮೆಕ್ಯಾನಿಕಲ್ ಬಿಇ ವಿದ್ಯಾರ್ಥಿ. ಪೈಪಿನಲ್ಲಿ ದ್ರವ ಹರಿಯುವ ಪಾಠ ಓದುವಾಗೆಲ್ಲ ನನಗೆ ನೆನಪಾಗುವುದು ನಮ್ಮ ತೊಡೆಯ ಫೀಮೊರಲ್ ಅಪಧಮನಿ. ತೊಡೆಸಂದಿನಲ್ಲಿ ಇದು ಚರ್ಮಕ್ಕೆ ಎಷ್ಟು ಹತ್ತಿರವೆಂದರೆ, ಬೆರಳಿಟ್ಟು ಒತ್ತಿದರೆ ಮಿಡಿತ ಸಿಗುತ್ತದೆ. ಹೃದಯದ ಆಂಜಿಯೋಗ್ರಾಂಗೆ ಎಷ್ಟೋ ವೇಳೆ ಕ್ಯಾತಿಟರ್ ತೂರಿಸುವುದೂ ಇಲ್ಲಿಂದಲೇ.

ಸಂದಿನಿಂದ ಸುಮಾರು 4 ಸೆಂ.ಮೀ. ಕೆಳಗೆ ‘ಪ್ರೊಫಂಡಾ ಫೀಮೊರಿಸ್’ ಎಂಬ ದೊಡ್ಡ ಕವಲೊಡೆದು ತೊಡೆಯ ಸ್ನಾಯುಗಳಿಗೆ ರಕ್ತ ಕೊಡುತ್ತದೆ. ಮುಖ್ಯ ನಾಳ ಮಂಡಿಯ ಹಿಂದಕ್ಕೆ ಇಳಿಯುತ್ತದೆ. ಧೂಮಪಾನ, ಮಧುಮೇಹದಿಂದ ಅದು ಕಟ್ಟಿಕೊಂಡರೆ ಪ್ರೊಫಂಡಾದ ಕವಲುಗಳು ಬೈಪಾಸ್ ರಸ್ತೆಯಂತೆ ಕೆಳಗಿನ ಕಾಲಿಗೆ ರಕ್ತ ಸಾಗಿಸಬಲ್ಲವು. 1785ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರ್ ಇಂಥ ಪಕ್ಕದ ನಾಳಗಳನ್ನೇ ನಂಬಿದರು. ಮಂಡಿಯ ಹಿಂದೆ ಅಪಧಮನಿ ಉಬ್ಬಿದ್ದ ಕುದುರೆಗಾಡಿ ಚಾಲಕನೊಬ್ಬನ ಕಾಲು ಕತ್ತರಿಸದೆ, ತೊಡೆಯಲ್ಲಿ ನಾಳ ಕಟ್ಟಿದರು. ಕಾಲು ಉಳಿಯಿತು!

ಆದರೆ ಅಪಘಾತದಲ್ಲಿ ಈ ನಾಳ ತುಂಡಾದರೆ ಕೆಲವೇ ನಿಮಿಷಗಳಲ್ಲಿ ಜೀವ ಹೋಗಬಹುದು. ಬೈಕ್ ಓಡಿಸುವ ನಾವೆಲ್ಲ ತಿಳಿದಿರಬೇಕಾದ್ದು ಇಷ್ಟು: ಶುಭ್ರ ಬಟ್ಟೆ ಮಡಚಿ ಗಾಯದ ಮೇಲಿಟ್ಟು ಎರಡೂ ಕೈಯಿಂದ ಬಲವಾಗಿ ಒತ್ತಿ ಹಿಡಿಯಿರಿ. ಬಟ್ಟೆ ನೆಂದರೂ ತೆಗೆಯದೆ ಮೇಲೆ ಇನ್ನೊಂದಿಡಿ. ಒಳಗೆ ಚುಚ್ಚಿಕೊಂಡ ವಸ್ತುವನ್ನು ಕೀಳಬೇಡಿ. ಪಕ್ಕದಲ್ಲಿರುವವರಿಂದ ತಕ್ಷಣ 108ಕ್ಕೆ ಕರೆ ಮಾಡಿಸಿ. ಕೇಸು, ಕೋರ್ಟು ಎಂಬ ಭಯ ಬೇಡ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ನೆರವಿಗೆ ಬಂದವರಿಗೆ ರಕ್ಷಣೆ ಕೊಟ್ಟಿದೆ.

ಟೆಕ್ ಫೆಸ್ಟ್‌ಗೆ ಎರಡು ದಿನ ಮೀಸಲಿಡುವ ಕಾಲೇಜುಗಳು ಪ್ರಥಮ ಚಿಕಿತ್ಸೆ ಕಲಿಸಲು ಅರ್ಧ ದಿನ ಕೊಡಲಾರವೇ? ನಾವೇ ಕೇಳೋಣ.