ಹಳೆಯ ಜಿಪಿಎಸ್, ಹೊಸ ರೇಡಿಯೊ: ಹಾಯಿದೋಣಿಯೊಳಗಿನ ಎರಡು ಎಳೆ ವೈರು

ಗೇಟ್‌ವೇ ಆಫ್ ಇಂಡಿಯಾದ ಎದುರು ನಿಂತಿರುವ ಹಳೆಯ ಹಾಯಿದೋಣಿಯೊಂದರ ಕ್ಯಾಬಿನ್‌ಗೆ ಇಳಿದರೆ ಬೇರೆ ಬೇರೆ ಕಾಲದಲ್ಲಿ ಕೊಂಡ ಉಪಕರಣಗಳು ಕಾಣುತ್ತವೆ: ನೀರಿನ ಆಳ ತೋರಿಸುವ ಎಕೋಸೌಂಡರ್, ಗಾಳಿಯ ದಿಕ್ಕು ಹೇಳುವ ಮೀಟರ್, ಕಪ್ಪು-ಬಿಳುಪು ಪರದೆಯ ಜಿಪಿಎಸ್, ಈಚೆಗೆ ಕೂಡಿಸಿದ ವಿಎಚ್‌ಎಫ್ ರೇಡಿಯೊ. ಎಲ್ಲವೂ ಕೆಲಸ ಮಾಡುತ್ತಿರುತ್ತವೆ, ಆದರೆ ಒಂದರ ಸುದ್ದಿ ಇನ್ನೊಂದಕ್ಕೆ ತಿಳಿಯದು. ಎಲ್ಲ ಕಿತ್ತೆಸೆದು ದೊಡ್ಡ ಬಣ್ಣದ ಪರದೆ ಹಾಕಿಸಿಬಿಡಿ ಎಂದು ಅಂಗಡಿಯವರು ಹೇಳುತ್ತಾರೆ. ಬೇಡ. ಮೊದಲು ಆ ಹಳೆಯ ಜಿಪಿಎಸ್ಸಿನಿಂದ ರೇಡಿಯೊಗೆ ಎರಡು ಎಳೆ ವೈರು ಎಳೆಯಿರಿ. ದೋಣಿಯಲ್ಲಿ ಇದಕ್ಕಿಂತ ಅಗ್ಗದ, ಇದಕ್ಕಿಂತ ಬೆಲೆಬಾಳುವ ಸುಧಾರಣೆ ಬೇರೆ ಇಲ್ಲ.

ಕಾರಣ ಸರಳ. ಈಗಿನ ವಿಎಚ್‌ಎಫ್ ರೇಡಿಯೊಗಳಲ್ಲಿ ಮುಚ್ಚಳದಡಿ ಒಂದು ಕೆಂಪು ಗುಂಡಿ ಇರುತ್ತದೆ. ಅಪಾಯ ಬಂದಾಗ ಅದನ್ನು ಒತ್ತಿ ಹಿಡಿದರೆ 70ನೇ ಚಾನೆಲ್‌ನಲ್ಲಿ ದೋಣಿಯ ಗುರುತಿನ ಸಂಖ್ಯೆಯೂ ಅದು ಇರುವ ಜಾಗವೂ ತಾನಾಗಿ ಪ್ರಸಾರವಾಗುತ್ತವೆ. ಆದರೆ ಒಳಗೆ ಜಿಪಿಎಸ್ ಇಲ್ಲದ ರೇಡಿಯೊಗೆ ತಾನೆಲ್ಲಿದ್ದೇನೆ ಎಂಬುದು ಗೊತ್ತಾಗುವುದಿಲ್ಲ. ಆಗ ಹೋಗುವ ಕರೆಯಲ್ಲಿ ಜಾಗವೇ ಇರದು. ಆ ಜಾಗವನ್ನು ಹೇಳಬೇಕಾದ ಯಂತ್ರ ಒಂದು ಮೊಳ ದೂರದಲ್ಲೇ ಕೂತಿರುತ್ತದೆ.

ಜಿಪಿಎಸ್ ಮಾತಾಡುವ ಭಾಷೆಯ ಹೆಸರು ಎನ್‌ಎಂಇಎ 0183. 1983ರಲ್ಲಿ ಬಂದ ಈ ಪದ್ಧತಿಯಲ್ಲಿ ಸೆಕೆಂಡಿಗೆ 4800 ಬಿಟ್‌ಗಳ ನಿಧಾನಗತಿ. ಒಂದು ಜೋಡಿ ವೈರಿನ ಮೇಲೆ ಮಾತಾಡುವುದು ಒಂದೇ ಯಂತ್ರ, ಕೇಳುವವು ಹಲವು. ಕಳುಹಿಸುವುದೆಲ್ಲ ಓದಬಹುದಾದ ಅಕ್ಷರಗಳೇ. ಆರ್‌ಎಂಸಿ ಎಂಬ ಸಾಲನ್ನು ನೋಡಿ. ಡಾಲರ್ ಚಿಹ್ನೆಯಿಂದ ಶುರುವಾಗಿ, ಅಲ್ಪವಿರಾಮಗಳ ನಡುವೆ ಗ್ರೀನಿಚ್ ಸಮಯ, ಅಕ್ಷಾಂಶ, ರೇಖಾಂಶ, ವೇಗ, ದಿಕ್ಕು, ತಾರೀಖು ಸಾಲಾಗಿ ಬರುತ್ತವೆ. ಸಮಯದ ಬೆನ್ನಿಗೆ ‘ಎ’ ಅಕ್ಷರವಿದ್ದರೆ ಮಾಹಿತಿ ನಂಬಬಹುದು, ‘ವಿ’ ಇದ್ದರೆ ಉಪಗ್ರಹ ಸಿಕ್ಕಿಲ್ಲ ಎಂದರ್ಥ. ಗೇಟ್‌ವೇ ಬಳಿ ಅಕ್ಷಾಂಶ 1855.3 ಎಂದು ಬರುತ್ತದೆ. ಅದು 18 ಡಿಗ್ರಿ 55.3 ಮಿನಿಟು. ಅದನ್ನೇ 18.55 ಡಿಗ್ರಿ ಎಂದು ಓದಿದರೆ ನಕ್ಷೆಯಲ್ಲಿ ದೋಣಿ ಅಲಿಬಾಗ್ ದಾಟಿ ರೇವದಂಡಾದ ಹತ್ತಿರ, ಅಂದರೆ ಸುಮಾರು 40 ಕಿಲೋಮೀಟರ್ ದಕ್ಷಿಣಕ್ಕೆ ಹೋಗಿ ನಿಲ್ಲುತ್ತದೆ. ರಕ್ಷಣೆಗೆ ಕೂಗುವಾಗ ಅಂಕಿಗಳನ್ನು ಬಾಯಲ್ಲಿ ಹೇಳಬೇಕಾಗಿ ಬಂದರೆ ಈ ವ್ಯತ್ಯಾಸ ನೆನಪಿರಲಿ.

ಜೋಡಣೆಗೆ ಬರೋಣ. ಜಿಪಿಎಸ್ಸಿನ ‘ಔಟ್’ ಎಳೆ ರೇಡಿಯೊದ ‘ಇನ್’ ಎಳೆಗೆ ಸೇರಬೇಕು. ಔಟ್‌ಗೆ ಔಟ್ ಕಟ್ಟಿದರೆ ಏನೂ ಬರುವುದಿಲ್ಲ. ಎರಡು ಉಪಕರಣಗಳಲ್ಲೂ ಪ್ಲಸ್, ಮೈನಸ್ ಜೋಡಿಯಿದ್ದರೆ ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್. ತೀರಾ ಹಳೆಯ ಜಿಪಿಎಸ್‌ಗಳಲ್ಲಿ ಒಂದೇ ಔಟ್ ಎಳೆಯಿದ್ದು, ಅದರ ಜೊತೆಗೆ ಗ್ರೌಂಡ್ ಇರುತ್ತದೆ. ಆಗ ರೇಡಿಯೊದ ಮೈನಸ್ ಎಳೆಯನ್ನು ಆ ಗ್ರೌಂಡಿಗೆ ಸೇರಿಸಬೇಕು. ವೈರಿನ ಬಣ್ಣ ನೋಡಿ ಕಟ್ಟಲೇಬೇಡಿ. ಒಂದು ಕಂಪನಿಯಲ್ಲಿ ಮಾತಾಡುವ ಎಳೆಯ ಬಣ್ಣ ಇನ್ನೊಂದರಲ್ಲಿ ಕೇಳುವ ಎಳೆಯದಾಗಿರಬಹುದು. ಮ್ಯಾನುಯಲ್ ತೆರೆದಿಟ್ಟುಕೊಂಡೇ ಕೆಲಸ ಮಾಡಿ. ಕೊನೆಗೆ ಜಿಪಿಎಸ್ಸಿನ ಮೆನುವಿನಲ್ಲಿ ಎನ್‌ಎಂಇಎ ಔಟ್‌ಪುಟ್ ಆನ್ ಮಾಡಿ, ಎರಡೂ ಕಡೆ ವೇಗ 4800 ಇದೆಯೇ ನೋಡಿ. ರೇಡಿಯೊ ಪರದೆಯ ಮೇಲೆ ಅಕ್ಷಾಂಶ, ರೇಖಾಂಶ ಮೂಡಿದರೆ ಕೆಲಸ ಆಯಿತು. ಪರೀಕ್ಷೆಗೆಂದು ಕೆಂಪು ಗುಂಡಿಯನ್ನು ಮುಟ್ಟಕೂಡದು.

ಎರಡನೆಯ ಖರ್ಚು, ಸುತ್ತಲಿನ ಹಡಗುಗಳ ಸುಳಿವು ಹಿಡಿಯುವ ಎಐಎಸ್ ರಿಸೀವರ್ ಮೇಲೆ ಆಗಲಿ. ಮುಂಬಯಿ ಬಂದರಿನ ಹಡಗುಗಳು, ಜವಾಹರಲಾಲ್ ನೆಹರೂ ಬಂದರಿಗೆ ಹೋಗುವ ಕಂಟೇನರ್ ಹಡಗುಗಳು, ಜವಾಹರ್ ದ್ವೀಪದ ತೈಲ ಟ್ಯಾಂಕರುಗಳು ಇದೇ ನೀರಿನಲ್ಲಿ ಓಡಾಡುತ್ತವೆ. ದೊಡ್ಡ ಹಡಗು ತನ್ನ ಹೆಸರು, ವೇಗ, ದಿಕ್ಕನ್ನು ಎಐಎಸ್‌ನಲ್ಲಿ ಸದಾ ಸಾರುತ್ತಿರುತ್ತದೆ. ಮಬ್ಬು ಕವಿದ ಜನವರಿ ಬೆಳಿಗ್ಗೆ ಅದು ಕಣ್ಣಿಗಿಂತ ಮೊದಲು ಪರದೆಗೆ ಸಿಗುತ್ತದೆ. ಆದರೆ ಎಐಎಸ್ ಹಾಕಿಕೊಳ್ಳದ ಚಿಕ್ಕ ದೋಣಿಗಳೂ ಇವೆ, ನೌಕಾಪಡೆಯ ಹಡಗುಗಳು ತೋರಿಸಿಕೊಳ್ಳದೆಯೂ ಇರಬಹುದು. ಪರದೆ ಖಾಲಿ ಇದ್ದ ಮಾತ್ರಕ್ಕೆ ಸಮುದ್ರ ಖಾಲಿ ಎಂದುಕೊಳ್ಳಬಾರದು.

ತೊಡಕು ಇಲ್ಲಿಂದ ಶುರು. ಎಐಎಸ್ ಮಾತಾಡುವುದು 38400 ವೇಗದಲ್ಲಿ. ಅದನ್ನೂ ಜಿಪಿಎಸ್ಸನ್ನೂ ಒಂದೇ ವೈರಿಗೆ ಸೇರಿಸಿದರೆ ಇಬ್ಬರು ಒಟ್ಟಿಗೆ ಮಾತಾಡಿದಂತೆ, ಯಾವುದೂ ಅರ್ಥವಾಗದು. ನಡುವೆ ಮಲ್ಟಿಪ್ಲೆಕ್ಸರ್ ಎಂಬ ಪುಟ್ಟ ಪೆಟ್ಟಿಗೆ ಬೇಕು. ಅದು ಎಲ್ಲರ ಸಾಲುಗಳನ್ನೂ ಸರದಿಯಲ್ಲಿ ನಿಲ್ಲಿಸಿ ಒಂದೇ ದಾರಿಯಲ್ಲಿ ಕಳುಹಿಸುತ್ತದೆ. ವೈಫೈ ಇರುವಂಥದು ಕೊಂಡರೆ ಅದೇ ಮಾಹಿತಿ ಟ್ಯಾಬ್ಲೆಟ್‌ಗೂ ಬರುತ್ತದೆ, ಲ್ಯಾಪ್‌ಟಾಪ್‌ನಲ್ಲಿ ಉಚಿತವಾದ ಓಪನ್‌ಸಿಪಿಎನ್ ತಂತ್ರಾಂಶಕ್ಕೂ ಬರುತ್ತದೆ. ದೊಡ್ಡ ಪರದೆಯ ಆಸೆ ಅಲ್ಲಿಗೇ ತೀರಬಹುದು.

ಹೊಸ ಉಪಕರಣಗಳ ಭಾಷೆ ಎನ್‌ಎಂಇಎ 2000. ಇದರಲ್ಲಿ ಒಂದು ಮುಖ್ಯ ಕೇಬಲ್ ಉದ್ದಕ್ಕೂ ಹೋಗುತ್ತದೆ, ಪ್ರತಿ ಯಂತ್ರವೂ ಟಿ ಆಕಾರದ ಕೊಂಡಿಯಿಂದ ಅದಕ್ಕೆ ಸೇರುತ್ತದೆ, ಎಲ್ಲರೂ ಮಾತಾಡಬಹುದು, ಎಲ್ಲರೂ ಕೇಳಬಹುದು. ವೇಗ ಸೆಕೆಂಡಿಗೆ 2,50,000 ಬಿಟ್. ಕೇಬಲ್ಲಿನ ಎರಡು ತುದಿಗಳಲ್ಲಿ 120 ಓಮ್‌ನ ಟರ್ಮಿನೇಟರ್ ಇರಲೇಬೇಕು. ಕರೆಂಟ್ ಆರಿಸಿ ಎರಡು ಡೇಟಾ ಎಳೆಗಳ ನಡುವೆ ಮಲ್ಟಿಮೀಟರ್ ಹಿಡಿದರೆ ಸುಮಾರು 60 ಓಮ್ ತೋರಿಸಬೇಕು. 120 ತೋರಿಸಿದರೆ ಒಂದು ಟರ್ಮಿನೇಟರ್ ಇಲ್ಲ ಅಥವಾ ಕಳಚಿದೆ. ಹಳೆಯ ಗಾಳಿಮೀಟರನ್ನು ಇದಕ್ಕೆ ನೇರವಾಗಿ ಕಟ್ಟಲಾಗದು, 0183ರಿಂದ 2000ಕ್ಕೆ ಮಾತು ಬದಲಿಸುವ ಕನ್ವರ್ಟರ್ ಬೇಕು.

ಹಳೆಯ ಜಿಪಿಎಸ್ಸನ್ನು ಉಳಿಸಿಕೊಳ್ಳುವ ಮುನ್ನ ಅದು ತೋರಿಸುವ ತಾರೀಖು ನೋಡಿ. ಜಿಪಿಎಸ್ ವಾರಗಳನ್ನು ಎಣಿಸುತ್ತದೆ. 1024 ವಾರ ತುಂಬಿದಾಗ ಎಣಿಕೆ ಮತ್ತೆ ಸೊನ್ನೆಗೆ ಬರುತ್ತದೆ. 1999ರ ಆಗಸ್ಟ್‌ನಲ್ಲಿ, ಮತ್ತೆ 2019ರ ಏಪ್ರಿಲ್‌ನಲ್ಲಿ ಹೀಗಾಯಿತು. ಇದನ್ನು ಅರಿಯದ ಹಳೆಯ ಯಂತ್ರ ಜಾಗವನ್ನು ಸರಿಯಾಗಿ ಹೇಳಿದರೂ ಸುಮಾರು ಇಪ್ಪತ್ತು ವರ್ಷ ಹಿಂದಿನ ತಾರೀಖು ಹೇಳಬಹುದು. ತಾರೀಖು ತಪ್ಪಿದರೆ ಅದು ಲೆಕ್ಕ ಹಾಕುವ ಭರತ-ಇಳಿತವೂ ತಪ್ಪು. ಅಮಾವಾಸ್ಯೆ, ಹುಣ್ಣಿಮೆಯ ಸುಮಾರಿಗೆ ನೀರು ನಾಲ್ಕೈದು ಮೀಟರ್ ಏರಿಳಿಯುವ ಮುಂಬಯಿಯಲ್ಲಿ ಅದನ್ನು ನಂಬಿ ಮಾಂಡವಾ ಕಡೆ ದಡಕ್ಕೆ ಹೋದರೆ ಕೆಸರಿನಲ್ಲಿ ಕೂರಬೇಕಾಗುತ್ತದೆ. ಅಂಥ ಜಿಪಿಎಸ್ ರೇಡಿಯೊಗೆ ಜಾಗ ಹೇಳಲು ಸಾಕು. ಭರತಕ್ಕೆ ಮುದ್ರಿತ ಟೇಬಲ್ ನೋಡಿ.

ಇನ್ನು ಉಪ್ಪುಗಾಳಿ. ಲ್ಯಾಮಿಂಗ್ಟನ್ ರೋಡಿನಲ್ಲಿ ಸಿಗುವ ಮಾಮೂಲಿ ತಾಮ್ರದ ವೈರು ಈ ಗಾಳಿಗೆ ಬೇಗನೆ ಹಸಿರುಗಟ್ಟುತ್ತದೆ. ತವರ ಲೇಪಿಸಿದ ಮೆರೈನ್ ವೈರನ್ನೇ ಕೇಳಿ ತನ್ನಿ, ಕ್ರಿಂಪ್ ಮಾಡಿ, ಮೇಲೆ ಒಳಬದಿಗೆ ಅಂಟು ಇರುವ ಹೀಟ್‌ಶ್ರಿಂಕ್ ತೊಡಿಸಿ, ಪ್ರತಿ ಉಪಕರಣಕ್ಕೂ ಬೇರೆ ಫ್ಯೂಸ್ ಹಾಕಿ. 25 ವಾಟ್‌ನಲ್ಲಿ ಮಾತಾಡುವಾಗ ರೇಡಿಯೊ ಐದಾರು ಆಂಪಿಯರ್ ಎಳೆಯುತ್ತದೆ. ಸಣ್ಣ ವೈರಾದರೆ ಮಾತಾಡುವ ಕ್ಷಣದಲ್ಲೇ ವೋಲ್ಟೇಜ್ ಕುಸಿದು ಜಿಪಿಎಸ್ ಆರಿಹೋಗಬಹುದು. ಸ್ಪೀಕರನ್ನು ದಿಕ್ಸೂಚಿಯ ಪಕ್ಕ ಕೂರಿಸಬೇಡಿ, ಅದರೊಳಗಿನ ಅಯಸ್ಕಾಂತ ಮುಳ್ಳನ್ನು ಎಳೆಯುತ್ತದೆ.

ಸಸೂನ್ ಡಾಕ್‌ನ ಮೀನುಗಾರ ತಾಂಡೇಲರ ಬೋಟಿಗೂ, ಮಲ್ಪೆ, ಮಂಗಳೂರಿನ ಬೋಟಿಗೂ ಇದೇ ಲೆಕ್ಕ. ವೈರಿಗೆ ಪಟ, ಇಂಜಿನ್ ಎಂಬ ಭೇದವಿಲ್ಲ. ಮಳೆಗಾಲದಲ್ಲಿ ದೋಣಿ ದಡದಲ್ಲಿರುವಾಗಲೇ ಈ ಕೆಲಸ ಮುಗಿಸಿ. ದೂರಸಂಪರ್ಕ ಇಲಾಖೆಯ ಪರವಾನಗಿ ಪಡೆದು, ಭಾರತದ 419ರಿಂದ ಶುರುವಾಗುವ ಒಂಬತ್ತು ಅಂಕಿಯ ಗುರುತಿನ ಸಂಖ್ಯೆಯನ್ನು ರೇಡಿಯೊಗೆ ಎಚ್ಚರದಿಂದ ತುಂಬಿ. ಹಲವು ರೇಡಿಯೊಗಳಲ್ಲಿ ಅದನ್ನು ತಿದ್ದಲು ಮತ್ತೆ ಅವಕಾಶ ಇರುವುದಿಲ್ಲ. 16ನೇ ಚಾನೆಲ್ಲನ್ನು ಸದಾ ಆಲಿಸಿ. ಮೊಬೈಲ್ ಸಿಗ್ನಲ್ ಇರುವಷ್ಟು ದೂರದಲ್ಲಿದ್ದರೆ ಕೋಸ್ಟ್ ಗಾರ್ಡ್‌ನ ತುರ್ತು ಸಂಖ್ಯೆ 1554.