ತನ್ನ ಸೂರ್ಯನ ಬಾಯಿಗೆ ಬಿದ್ದ ದೈತ್ಯ

ಎಳ್ಳ ಅಮಾವಾಸ್ಯೆಯ ದಿನ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಮಂದಿ ಹೊಲದಲ್ಲಿ ಚರಗ ಚೆಲ್ಲಿ, ಸಜ್ಜೆ ಕಡಬು, ಭಜ್ಜಿ ಉಂಡು ಸಂಜೆಗೆ ಊರು ಸೇರುತ್ತಾರೆ. ಆ ರಾತ್ರಿ ಬೆಳದಿಂಗಳ ಅಡ್ಡಿಯಿಲ್ಲ. ನಡುರಾತ್ರಿ ತೊಗರಿ ಹೊಲದ ಬದುವಿನಲ್ಲಿ ನಿಂತು ತಲೆ ಎತ್ತಿದರೆ, ನೆತ್ತಿಯಿಂದ ಉತ್ತರಕ್ಕೆ ಬ್ರಹ್ಮಹೃದಯ ನಕ್ಷತ್ರ ಹಳದಿ ಛಾಯೆಯಲ್ಲಿ ಹೊಳೆಯುತ್ತಿರುತ್ತದೆ. ಅದು ವಿಜಯ ಸಾರಥಿ ಪುಂಜದ ಗುರುತು. ಅದೇ ಪುಂಜದಲ್ಲಿ, ಮಿಥುನ ರಾಶಿಗೆ ತಾಗಿದ ಅಂಚಿನಲ್ಲಿ, ಬರಿಗಣ್ಣಿಗೆ ಸಿಗದಷ್ಟು ಮಸುಕಾದ ಇನ್ನೊಂದು ನಕ್ಷತ್ರವಿದೆ. ಹೆಸರು ವಾಸ್ಪ್-12. ದೂರ ಸುಮಾರು 1,400 ಜ್ಯೋತಿರ್ವರ್ಷ. ಈಗ ನಮ್ಮನ್ನು ಮುಟ್ಟುತ್ತಿರುವ ಅದರ ಬೆಳಕು ಅಲ್ಲಿಂದ ಹೊರಟಾಗ ಬಾದಾಮಿಯಲ್ಲಿ, ಹೆಚ್ಚು ಕಡಿಮೆ, ಇಮ್ಮಡಿ ಪುಲಕೇಶಿಯ ಕಾಲ.

ಆ ನಕ್ಷತ್ರವನ್ನು ಸುತ್ತುವ ಗ್ರಹವೊಂದು 2008ರಲ್ಲಿ ಪತ್ತೆಯಾಯಿತು. ಅದನ್ನು ವಾಸ್ಪ್-12ಬಿ ಎನ್ನುತ್ತಾರೆ. ಗುರುವಿನಂತೆಯೇ ಅನಿಲದ ಉಂಡೆ. ಆದರೆ ಗುರು ಸೂರ್ಯನನ್ನು ಒಮ್ಮೆ ಸುತ್ತಲು ಸುಮಾರು 12 ವರ್ಷ ತೆಗೆದುಕೊಂಡರೆ, ಈ ಗ್ರಹದ ಒಂದು ವರ್ಷ ಮುಗಿಯುವುದು ಬರೀ 26 ಗಂಟೆ ಚಿಲ್ಲರೆಯಲ್ಲಿ. ನಮ್ಮ ಬುಧಗ್ರಹ ಸೂರ್ಯನಿಂದ ಸರಾಸರಿ 5.8 ಕೋಟಿ ಕಿಲೋಮೀಟರ್ ದೂರದಲ್ಲಿದೆ. ಇದು ತನ್ನ ನಕ್ಷತ್ರದಿಂದ ಸುಮಾರು 34 ಲಕ್ಷ ಕಿಲೋಮೀಟರ್ ದೂರದಲ್ಲಷ್ಟೇ.

ಕಾಣದ ಗ್ರಹದ ಮೈಕಟ್ಟು ತಿಳಿಯುವುದು ಹೇಗೆ? ಗ್ರಹ ನಕ್ಷತ್ರದ ಮುಂದೆ ಹಾದುಹೋಗುವಾಗ ನಕ್ಷತ್ರದ ಬೆಳಕು ಚೂರು ಕುಂದುತ್ತದೆ. ಇದನ್ನು ಸಂಕ್ರಮಣ ಎನ್ನುತ್ತಾರೆ. ವಾಸ್ಪ್-12ರ ಬೆಳಕು ಪ್ರತಿ ಸುತ್ತಿನಲ್ಲೂ ಸುಮಾರು 3 ಗಂಟೆ ಕಾಲ ಶೇಕಡ 1.4ರಷ್ಟು ಇಳಿಯುತ್ತದೆ. ಎಷ್ಟು ಬೆಳಕು ಮರೆಯಾಯಿತು ಎಂಬುದರಿಂದ ಗ್ರಹದ ಗಾತ್ರ ಸಿಗುತ್ತದೆ. ಇನ್ನು ತೂಕ. ಗ್ರಹ ಸುತ್ತುವಾಗ ನಕ್ಷತ್ರವನ್ನೂ ಕೊಂಚ ಜಗ್ಗುತ್ತದೆ. ಆ ಜಗ್ಗಾಟಕ್ಕೆ ನಕ್ಷತ್ರದ ರೋಹಿತದ ಗೆರೆಗಳು ಒಮ್ಮೆ ನೀಲಿಯ ಕಡೆಗೆ, ಒಮ್ಮೆ ಕೆಂಪಿನ ಕಡೆಗೆ ಸರಿಯುತ್ತವೆ. 1995ರಲ್ಲಿ ಮಿಶೆಲ್ ಮೇಯರ್ ಮತ್ತು ಡಿಡಿಯೇ ಕೆಲೋ 51 ಪೆಗಾಸಿ ಎಂಬ ನಕ್ಷತ್ರದ ಗ್ರಹವನ್ನು ಹಿಡಿದದ್ದು ಹೀಗೆಯೇ. 2019ರ ಭೌತವಿಜ್ಞಾನ ನೊಬೆಲ್‌ನ ಅರ್ಧ ಪಾಲು ಅದಕ್ಕೇ ಸಂದಿತು.

ಎರಡೂ ಅಳತೆ ಕೈಗೆ ಬಂದರೆ ಮಾತ್ರ ಗ್ರಹದ ಸ್ವರೂಪ ಬಿಚ್ಚಿಕೊಳ್ಳುತ್ತದೆ. ಭಾರತ 2019ರಲ್ಲಿ ‘ಸಂತಮಸ’ ಎಂದು ಹೆಸರಿಟ್ಟ ಗ್ರಹವನ್ನೇ ನೋಡಿ. ಭೌತವಿಜ್ಞಾನಿ ಬಿಭಾ ಚೌಧುರಿಯವರ ಹೆಸರು ಹೊತ್ತ ‘ಬಿಭಾ’ ನಕ್ಷತ್ರವನ್ನು ಅದು 2.1 ದಿನಕ್ಕೊಮ್ಮೆ ಸುತ್ತುತ್ತದೆ; ಕನಿಷ್ಠ ತೂಕ ಗುರುವಿನ ಒಂದೂವರೆ ಪಟ್ಟು. ಆದರೆ ಅದು ಸಿಕ್ಕಿದ್ದು ಜಗ್ಗಾಟದ ದಾರಿಯಿಂದ ಮಾತ್ರ. ಹಾಗಾಗಿ ಅದರ ಸುತ್ತಳತೆಯನ್ನು ಅಳೆಯಲಾಗಿಲ್ಲ.

ವಾಸ್ಪ್-12ಬಿ ವಿಷಯದಲ್ಲಿ ಎರಡೂ ಗೊತ್ತು. ತೂಕ ಗುರುವಿನ ಸುಮಾರು ಒಂದೂವರೆ ಪಟ್ಟು, ಅಡ್ಡಳತೆ ಹತ್ತಿರ ಹತ್ತಿರ ಎರಡು ಪಟ್ಟು. ಲೆಕ್ಕ ಹಾಕಿದರೆ ಸಾಂದ್ರತೆ ನೀರಿನ ಮೂರನೇ ಒಂದು ಪಾಲಿಗಿಂತಲೂ ಕಡಿಮೆ! ಕಾವಿಗೆ ಅನಿಲ ಉಬ್ಬಿ ನಿಂತಿದೆ. ನಕ್ಷತ್ರದ ಸೆಳೆತ ಹತ್ತಿರದ ಬದಿಯನ್ನು ಹೆಚ್ಚು, ಆಚೆ ಬದಿಯನ್ನು ಕಡಿಮೆ ಎಳೆಯುವುದರಿಂದ ಗ್ರಹ ಮೊಟ್ಟೆಯ ಆಕಾರಕ್ಕೆ ಹಿಗ್ಗಿದೆ. ಒಂದೇ ಮುಖ ಸದಾ ನಕ್ಷತ್ರದ ಕಡೆಗೆ. ಹಗಲಿನ ಆ ಮಗ್ಗುಲಲ್ಲಿ ಕಾವು 2,500 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಅಲ್ಲಿ ಮೋಡ ಕಟ್ಟುವಂತಿಲ್ಲ, ಅಣುಗಳೇ ಒಡೆದು ಬಿಡಿ ಪರಮಾಣುಗಳಾಗುತ್ತವೆ. ಬೆಳಕನ್ನು ಹಿಂದಕ್ಕೆ ಚಿಮ್ಮಿಸಲು ಮೋಡವಿಲ್ಲದ್ದರಿಂದ, ಬಿದ್ದ ಬೆಳಕಿನಲ್ಲಿ ಶೇಕಡ 94ರಷ್ಟನ್ನಾದರೂ ಗ್ರಹ ನುಂಗಿಬಿಡುತ್ತದೆ ಎಂದು 2017ರಲ್ಲಿ ಹಬಲ್ ದೂರದರ್ಶಕದ ಅಳತೆ ತೋರಿಸಿತು. ಅಷ್ಟು ಪ್ರಖರ ನಕ್ಷತ್ರದ ಮಗ್ಗುಲಲ್ಲೇ ಇದ್ದೂ ಕಡುಗಪ್ಪು. ಈ ಗ್ರಹದ ಲಕ್ಷಣಗಳಲ್ಲಿ ಅತ್ಯಂತ ಸೋಜಿಗದ್ದು ಇದೇ.

ಇಂಥ ಗ್ರಹಗಳ ಮುಖ್ಯ ಸರಕು ಹೈಡ್ರೋಜನ್ ಮತ್ತು ಹೀಲಿಯಂ. ಹೀಲಿಯಂ ಕಥೆಯ ಆರಂಭದಲ್ಲಿ ಉತ್ತರ ಕರ್ನಾಟಕಕ್ಕೂ ಒಂದು ಪಾಲಿದೆ. 1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣದಂದು ಲೆಫ್ಟಿನೆಂಟ್ ಜಾನ್ ಹರ್ಷೆಲ್ ಜಮಖಂಡಿಯಲ್ಲಿ ರೋಹಿತದರ್ಶಕ ಹೂಡಿ, ಸೂರ್ಯನ ಅಂಚಿನ ಜ್ವಾಲೆಗಳಲ್ಲಿ ಹೊಳೆಯುವ ಗೆರೆಗಳನ್ನು ಕಂಡ. ಅದೇ ಗ್ರಹಣದಲ್ಲಿ ಮತ್ತು ಅದರ ಬೆನ್ನಿಗೆ ನಡೆದ ವೀಕ್ಷಣೆಗಳಲ್ಲಿ ಗುರುತಿಗೆ ಬಂದ ಹಳದಿ ಗೆರೆಯೇ ಹೀಲಿಯಂನ ಸುಳಿವು. ಸರಿಯಾಗಿ 150 ವರ್ಷಗಳ ಬಳಿಕ, 2018ರಲ್ಲಿ, ವಾಸ್ಪ್-107ಬಿ ಎಂಬ ಇನ್ನೊಂದು ಅನಿಲ ಗ್ರಹದ ವಾತಾವರಣದಲ್ಲಿ ಹೀಲಿಯಂ ಸಿಕ್ಕಿತು. ಸೌರವ್ಯೂಹದಾಚೆಯ ಗ್ರಹವೊಂದರಲ್ಲಿ ಅದು ಮೊದಲ ಸಲ.

ಬೆಳಕು ಕುಂದುವುದನ್ನು ಕಾದು ಕೂರುವ ವಿದ್ಯೆಯಲ್ಲೂ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಹಳೆಯ ಪಳಗಿದ ಕೈ. 1977ರ ಮಾರ್ಚ್ 10ರಂದು ಯುರೇನಸ್ ಗ್ರಹ ನಕ್ಷತ್ರವೊಂದನ್ನು ಮರೆಮಾಡುವಾಗ, ಸಂಸ್ಥೆಯ ಜೆ.ಸಿ. ಭಟ್ಟಾಚಾರ್ಯ ಮತ್ತು ಕೆ. ಕುಪ್ಪುಸ್ವಾಮಿ ತಮಿಳುನಾಡಿನ ಕವಲೂರಿನಲ್ಲಿ ಆ ನಕ್ಷತ್ರದ ಬೆಳಕು ಮೊದಲೇ ಒಮ್ಮೆ ಕುಂದಿದ್ದನ್ನು ದಾಖಲಿಸಿದರು. ಯುರೇನಸ್‌ಗೆ ಉಂಗುರಗಳಿವೆ ಎಂದು ಜಗತ್ತಿಗೆ ತಿಳಿದದ್ದು ಆ ರಾತ್ರಿಯ ದಾಖಲೆಗಳಿಂದ. ಇಂದು ಕವಲೂರಿನ 1.3 ಮೀಟರ್ ದೂರದರ್ಶಕಕ್ಕೆ ಇದೇ ಭಟ್ಟಾಚಾರ್ಯರ ಹೆಸರು. ಲಡಾಖಿನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿ, ಸಂಸ್ಥೆಯ 2 ಮೀಟರ್‌ನ ಹಿಮಾಲಯನ್ ಚಂದ್ರ ದೂರದರ್ಶಕವಿದೆ. ಅದನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವವರು ಕೂರುವುದು ಬೆಂಗಳೂರು ಪಕ್ಕದ ಹೊಸಕೋಟೆಯಲ್ಲಿ.

ಈ ಎರಡು ದೂರದರ್ಶಕಗಳಿಂದಲೇ ಸಂಸ್ಥೆಯ ಸಂಶೋಧಕರಾದ ಸುಮನ್ ಸಾಹಾ, ಅರಿತ್ರ ಚಕ್ರವರ್ತಿ, ಸುಜನ್ ಸೇನ್‌ಗುಪ್ತ ಐದು ಬಿಸಿ ಅನಿಲ ದೈತ್ಯಗಳ ಸಂಕ್ರಮಣವನ್ನು ಹಿಂಬಾಲಿಸಿದರು. ಶೇಕಡ ಒಂದರ ಆಸುಪಾಸಿನ ಇಳಿತವನ್ನು ಅಳೆಯುವಾಗ ಭೂಮಿಯ ಗಾಳಿಯ ಅಲುಗಾಟ, ನಕ್ಷತ್ರದ ಸ್ವಂತ ಏರಿಳಿತ, ಎಲ್ಲವೂ ಸೇರಿ ಲೆಕ್ಕ ಕೆಡಿಸುತ್ತವೆ. ಆ ಗದ್ದಲವನ್ನು ಗಣಿತದಿಂದ ಸೋಸಿ, ಗ್ರಹಗಳ ಗಾತ್ರ, ಕಕ್ಷೆಗಳನ್ನು ಮೊದಲಿಗಿಂತ ನಿಖರವಾಗಿ ಅವರು 2021ರಲ್ಲಿ ಪ್ರಕಟಿಸಿದರು. ಹೊಸ ಗ್ರಹ ಹುಡುಕಿದಷ್ಟು ಸುದ್ದಿ ಇಂಥ ಕೆಲಸಕ್ಕೆ ಸಿಗದು. ಆದರೆ ಗ್ರಹ ಎಂಥದ್ದು ಎಂದು ಖಾತ್ರಿಯಾಗಿ ಹೇಳಲು ಬೇಕಾದದ್ದು ಇದೇ.

ವಾಸ್ಪ್-12ಬಿಗಂತೂ ನಿಖರ ಅಳತೆ ತೀರಾ ಅಗತ್ಯ. ಅದು ತನ್ನ ನಕ್ಷತ್ರದೊಳಕ್ಕೆ ಸುರುಳಿಯಾಗಿ ಇಳಿಯುತ್ತಿದೆ. ಅದರ ಸುತ್ತಿನ ಅವಧಿ ವರ್ಷಕ್ಕೆ 29 ಮಿಲಿಸೆಕೆಂಡಿನಷ್ಟು ಕಡಿಮೆಯಾಗುತ್ತಿದೆ ಎಂದು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ತಂಡ 2019ರಲ್ಲಿ ತೋರಿಸಿತು. ಸುಮಾರು 30 ಲಕ್ಷ ವರ್ಷಗಳಲ್ಲಿ ಕಥೆ ಮುಗಿಯುತ್ತದೆ. ಗ್ರಹದ ಹೊರಮೈಯ ಅನಿಲವನ್ನು ನಕ್ಷತ್ರ ಈಗಾಗಲೇ ಸೆಳೆದುಕೊಳ್ಳುತ್ತಿರುವ ಕುರುಹನ್ನು ಹಬಲ್ 2010ರಲ್ಲೇ ಕಂಡಿತ್ತು. 29 ಮಿಲಿಸೆಕೆಂಡು ಒಂದು ರಾತ್ರಿಯ ಅಳತೆಯಲ್ಲಿ ಸಿಗುವಂಥದ್ದಲ್ಲ. ವರ್ಷಗಟ್ಟಲೆ ಸಂಕ್ರಮಣದ ಹೊತ್ತು ಬರೆದಿಟ್ಟು ತಾಳೆ ನೋಡಬೇಕು.

ಇಲ್ಲಿ ಆಳಂದ, ಅಫಜಲಪುರ, ಜೇವರ್ಗಿಯ ಪದವಿ ಕಾಲೇಜುಗಳೂ ಕೈಹಾಕಬಹುದು, ಹಾಕಬೇಕು. 8 ಅಂಗುಲದ ದೂರದರ್ಶಕ, ಒಂದು ಒಳ್ಳೆಯ ಡಿಜಿಟಲ್ ಕ್ಯಾಮೆರಾ ಇದ್ದರೆ ಶೇಕಡ 1.4ರ ಇಳಿತವನ್ನು ದಾಖಲಿಸಬಹುದು. ನಾಸಾದ ಎಕ್ಸೋಪ್ಲಾನೆಟ್ ವಾಚ್ ಯೋಜನೆ ಹವ್ಯಾಸಿಗಳು, ವಿದ್ಯಾರ್ಥಿಗಳಿಂದ ಇಂಥ ದಾಖಲೆಗಳನ್ನೇ ಪಡೆಯುತ್ತದೆ. ಗ್ರಹ ಸುಮಾರು 26 ಗಂಟೆ 12 ನಿಮಿಷಕ್ಕೊಮ್ಮೆ ಸುತ್ತುವುದರಿಂದ ಲೆಕ್ಕವೂ ಸಲೀಸು: ಡಿಸೆಂಬರಿನ ಒಂದು ರಾತ್ರಿ ಸಂಕ್ರಮಣದ ನಡುಗಾಲ 9 ಗಂಟೆಗೆ ಬಿದ್ದರೆ ಮರುದಿನ ಅದು 11 ಗಂಟೆ 12 ನಿಮಿಷದ ಸುಮಾರಿಗೆ, ಅದರ ಮರುದಿನ ನಡುರಾತ್ರಿ ದಾಟಿ 1 ಗಂಟೆ 24 ನಿಮಿಷದ ಹೊತ್ತಿಗೆ.