ನಾರ್ವೆಯ ಪಿಯಾನೊ ವಾದಕ ಟೂರ್ಡ್ ಗುಸ್ತಾವ್‌ಸೆನ್



ವೈದ್ಯ ವೃತ್ತಿಯಲ್ಲಿರುವ ನಾವು ಸಂಗೀತದ ವಿಷಯವನ್ನು, ಅದರಲ್ಲಿಯೂ ಜಾಜ್ ಸಂಗೀತದ ವಿಷಯವನ್ನು ಉಪನ್ಯಾಸಕ್ಕೆ ಎತ್ತಿಕೊಂಡುದನ್ನು ಕಂಡು ಕೆಲವರು ಹುಬ್ಬೇರಿಸಿರಬಹುದು. ಜಾಜ್ ಎಂದೊಡನೆ ನಮ್ಮಲ್ಲನೇಕರ ಮನಸ್ಸಿಗೆ ಬರುವುದು ಕಿವಿಗಡಚಿಕ್ಕುವ ತುತ್ತೂರಿ, ಹೊಗೆ ತುಂಬಿದ ಕೋಣೆ, ತಲೆಬುಡ ತಿಳಿಯದ ವೇಗ. ಈ ಕಲ್ಪನೆಗೆ ತೀರ ವಿರುದ್ಧವಾದ ಒಬ್ಬ ಕಲಾವಿದರನ್ನು ತಮಗೆ ಪರಿಚಯಿಸುವುದು ನಮ್ಮ ಉದ್ದೇಶ. ಅವರು ಮನಶ್ಶಾಸ್ತ್ರವನ್ನು ಓದಿ ಸಂಗೀತಕ್ಕೆ ಬಂದವರು. ಆದ್ದರಿಂದ ವೈದ್ಯನ ಕುತೂಹಲಕ್ಕೂ ಇಲ್ಲಿ ಎಡೆಯಿದೆ.

ಟೂರ್ಡ್ ಗುಸ್ತಾವ್‌ಸೆನ್ ಜನಿಸಿದ್ದು 1970ರ ಅಕ್ಟೋಬರ್ 5ರಂದು, ಓಸ್ಲೊ ನಗರದಲ್ಲಿ. ಬೆಳೆದದ್ದು ಅಲ್ಲಿಂದ ಉತ್ತರಕ್ಕಿರುವ ಹುರ್ದಾಲ್ ಎಂಬ ಹಳ್ಳಿಗಾಡಿನಲ್ಲಿ. ಚರ್ಚಿನ ಸ್ತುತಿಗೀತೆಗಳು ಅವರ ಸಂಗೀತದ ಬೇರು. ಅವು ಸಭೆಯವರೆಲ್ಲ ಕೂಡಿ ಹಾಡಬೇಕಾದ ಹಾಡುಗಳು. ಅದರಿಂದಾಗಿ ನಡೆ ನಿಧಾನ, ಅಲಂಕಾರ ಕಡಿಮೆ, ಪ್ರತಿ ಸಾಲಿನ ಕೊನೆಯಲ್ಲಿ ಎಲ್ಲರೂ ಉಸಿರೆಳೆದುಕೊಳ್ಳಲು ಒಂದು ತಂಗುದಾಣ. ಆ ಉಸಿರಿನ ಅಳತೆ ಅವರ ಜಾಜ್ ವಾದನದಲ್ಲಿ ಇಂದಿಗೂ ಉಳಿದುಬಂದಿದೆ.

ಆದರೆ ಅವರು ನೇರವಾಗಿ ಸಂಗೀತ ಶಾಲೆಗೆ ಹೋದವರಲ್ಲ. ಮೊದಲು ಓಸ್ಲೊ ವಿಶ್ವವಿದ್ಯಾಲಯದಲ್ಲಿ ಸಮಾಜ ವಿಜ್ಞಾನ, ಮನಶ್ಶಾಸ್ತ್ರಗಳ ವ್ಯಾಸಂಗ. ಆಮೇಲೆ ಟ್ರಾಂಡ್‌ಹೈಮ್ ನಗರದ ಸಂಗೀತ ಶಾಲೆಯಲ್ಲಿ ಜಾಜ್ ಶಿಕ್ಷಣ. 1979ರಲ್ಲಿ ಆರಂಭವಾದ ಈ ವಿಭಾಗದಿಂದ ಹೊರಬಂದವರ ದೊಡ್ಡ ಪಡೆಯೇ ನಾರ್ವೆಯ ಜಾಜ್‌ನಲ್ಲಿದೆ. ಕಾಗದ ನೋಡಿ ನುಡಿಸುವುದಕ್ಕಿಂತ ಕಿವಿಯಿಂದ ಕಲಿಯುವುದಕ್ಕೆ ಅಲ್ಲಿ ಹೆಚ್ಚಿನ ಮಾನ್ಯತೆ. ಅದೂ ಸಾಲದೆಂಬಂತೆ ಮತ್ತೆ ಓಸ್ಲೊಗೆ ಮರಳಿ ಸಂಗೀತಶಾಸ್ತ್ರದಲ್ಲಿ ಉನ್ನತ ವ್ಯಾಸಂಗ. ಸ್ವಂತ ಹೆಸರಿನ ಮೊದಲ ಧ್ವನಿಮುದ್ರಿಕೆ ಹೊರಬರುವ ಹೊತ್ತಿಗೆ ವಯಸ್ಸು ಮೂವತ್ತೆರಡನ್ನು ಮುಟ್ಟಿತ್ತು. ನಮ್ಮ ಮನೆಗಳಲ್ಲಿ ಇಂಥ ಮಗನೊಬ್ಬನಿದ್ದಿದ್ದರೆ ಊಟದ ಮೇಜಿನ ಸುತ್ತ ಎಂತಹ ಮಾತುಕತೆ ನಡೆಯುತ್ತಿತ್ತೆಂಬುದನ್ನು ತಾವೇ ಊಹಿಸಿಕೊಳ್ಳಬಹುದು!

ಈ ಓದು ವ್ಯರ್ಥವಾಯಿತೆ? ಅವರ ಪ್ರಬಂಧದ ವಿಷಯವನ್ನೇ ನೋಡೋಣ. ಕರ್ನಾಟಕ ಸಂಗೀತದಲ್ಲಿ ಮನೋಧರ್ಮ ಎನ್ನುತ್ತೇವಲ್ಲ, ಆ ಕ್ಷಣದಲ್ಲಿ ಹುಟ್ಟುವ ಸಂಗೀತ, ಅದೇ ಜಾಜ್‌ನ ಜೀವಾಳವೂ ಹೌದು. ಹಾಗೆ ನುಡಿಸುವವನ ಮನಸ್ಸಿನಲ್ಲಿ ನಡೆಯುವುದೇನು ಎಂಬುದು ಗುಸ್ತಾವ್‌ಸೆನ್ ಅವರ ಪ್ರಶ್ನೆ. ಉತ್ತರಕ್ಕಾಗಿ ಅವರು ಆಶ್ರಯಿಸಿದ್ದು ಸಂಗೀತಜ್ಞರನ್ನಲ್ಲ, ಹೆಲ್ಮ್ ಸ್ಟೀರ್ಲಿನ್ ಎಂಬ ಜರ್ಮನ್ ಮನೋವೈದ್ಯರನ್ನು. ಮನುಷ್ಯ ಸಂಬಂಧಗಳೆಲ್ಲ ಐದು ದ್ವಂದ್ವಗಳ ನಡುವೆ ತೂಗಾಡುತ್ತವೆಂಬುದು ಸ್ಟೀರ್ಲಿನ್‌ರ ವಿಚಾರ. ಕ್ಷಣ ಮತ್ತು ಕಾಲಾವಧಿ, ಭಿನ್ನತೆ ಮತ್ತು ಸಾಮ್ಯ, ತೃಪ್ತಿ ಮತ್ತು ಆಶಾಭಂಗ, ಉದ್ದೀಪನ ಮತ್ತು ಸ್ಥಿರತೆ, ಸಾಮೀಪ್ಯ ಮತ್ತು ದೂರ. ಇವುಗಳಲ್ಲಿ ಒಂದನ್ನೇ ಹಿಡಿದು ಇನ್ನೊಂದನ್ನು ಬಿಟ್ಟರೆ ಸಂಬಂಧ ಸೊರಗುತ್ತದೆ. ಗುಸ್ತಾವ್‌ಸೆನ್ ಈ ಐದನ್ನೂ ವಾದ್ಯದ ಮುಂದೆ ತಂದಿರಿಸಿದರು.

ಮೂರನೆಯ ದ್ವಂದ್ವವನ್ನೇ ಸ್ವಲ್ಪ ಬಿಡಿಸಿ ನೋಡೋಣ. ಕೇಳುಗನ ಕಿವಿ ಒಂದು ಸ್ವರವನ್ನು ನಿರೀಕ್ಷಿಸುತ್ತದೆ. ವಾದಕನು ಅದನ್ನು ಕೂಡಲೇ ಕೊಟ್ಟುಬಿಟ್ಟರೆ ಸಂಗೀತ ಸಪ್ಪೆ. ಎಂದೂ ಕೊಡದಿದ್ದರೆ ಕೇಳುಗ ಎದ್ದುಹೋಗುತ್ತಾನೆ. ಎಷ್ಟು ಹೊತ್ತು ತಡೆಯಬೇಕು ಎಂಬುದರಲ್ಲಿಯೇ ಕಲೆಯೆಲ್ಲ ಅಡಗಿದೆ. ಅವರ ಇಂಗ್ಲಿಷ್ ಲೇಖನವೊಂದರ ಶೀರ್ಷಿಕೆಯಲ್ಲಿ ಮನೋಧರ್ಮಕ್ಕೆ ಶೃಂಗಾರದ ಹೋಲಿಕೆಯನ್ನು ಕೊಟ್ಟಿರುವುದು ಇದೇ ಕಾರಣಕ್ಕೆ. ರೋಗಿಯು ಮಾತು ನಿಲ್ಲಿಸಿದಾಗ ನಾವು ವೈದ್ಯರು ಕೂಡಲೇ ಮುಂದಿನ ಪ್ರಶ್ನೆಯನ್ನು ಎಸೆಯುತ್ತೇವೆ. ಇನ್ನೊಂದು ಗಳಿಗೆ ಸುಮ್ಮನಿದ್ದರೆ ಆತ ನಿಜವಾದ ಸಂಕಟವನ್ನು ಹೇಳುತ್ತಿದ್ದನೇನೋ. ಈ ಪ್ರಬಂಧ ವೈದ್ಯಕೀಯ ಕಾಲೇಜಿನಲ್ಲಿಯೂ ಪಾಠವಾಗಬಹುದೆಂದು ನಮಗೆ ಅನಿಸಿದ್ದುಂಟು.

ವೃತ್ತಿಯ ಆರಂಭದಲ್ಲಿ ಅವರು ಗಾಯಕಿ ಸಿಲ್ಯೆ ನೆರ್ಗಾರ್ಡ್ ಅವರಿಗೆ ಪಕ್ಕವಾದ್ಯ ನುಡಿಸಿದರು. ಅದೇ ತಂಡದಲ್ಲಿ ಡಬಲ್ ಬಾಸ್ ನುಡಿಸುತ್ತಿದ್ದವರು ಹಾರಾಲ್ಡ್ ಯೂನ್ಸೆನ್, ಡ್ರಮ್ಸ್ ನುಡಿಸುತ್ತಿದ್ದವರು ಯಾರ್ಲೆ ವೆಸ್ಪೆಸ್ತಾದ್. ಇವರಿಬ್ಬರನ್ನೇ ಜೊತೆಗಿರಿಸಿಕೊಂಡು ಗುಸ್ತಾವ್‌ಸೆನ್ ತ್ರಯ ರೂಪುಗೊಂಡಿತು. ಮ್ಯೂನಿಕ್ ನಗರದ ಇ.ಸಿ.ಎಂ. ಸಂಸ್ಥೆಯ ಮಾನ್‌ಫ್ರೆಡ್ ಐಶರ್ ಅವರ ಮೂಲಕ 'ಚೇಂಜಿಂಗ್ ಪ್ಲೇಸಸ್' 2003ರಲ್ಲಿ, 'ದಿ ಗ್ರೌಂಡ್' 2005ರಲ್ಲಿ, 'ಬೀಯಿಂಗ್ ದೇರ್' 2007ರಲ್ಲಿ ಹೊರಬಂದವು. ಮೂರರಲ್ಲಿಯೂ ರಚನೆಗಳು ಬಹುಪಾಲು ಗುಸ್ತಾವ್‌ಸೆನ್ ಅವರವೇ. ವೆಸ್ಪೆಸ್ತಾದ್ ಅವರು 'ಸೂಪರ್‌ಸೈಲೆಂಟ್' ಎಂಬ ಇನ್ನೊಂದು ತಂಡದಲ್ಲಿ ಸಿಡಿಲಿನಂತೆ ಬಾರಿಸುತ್ತಿದ್ದವರು. ಇಲ್ಲಿ ಮಾತ್ರ ಅವರ ಡ್ರಮ್ಸ್ ಪಿಸುಮಾತಿಗಿಂತ ಮೇಲೇರುವುದು ಅಪರೂಪ. ಶಕ್ತಿಯಿಲ್ಲದವನ ಮೌನಕ್ಕೂ ಶಕ್ತಿಯಿದ್ದವನ ಮೌನಕ್ಕೂ ವ್ಯತ್ಯಾಸವಿದೆಯಷ್ಟೆ!

ಎಲ್ಲರೂ ಈ ಸಂಗೀತವನ್ನು ಮೆಚ್ಚಬೇಕೆಂದೇನೂ ಇಲ್ಲ. ಎಲ್ಲವೂ ಒಂದೇ ನಿಧಾನ, ಒಂದೇ ಮಂಕು ಬೆಳಕು ಎಂಬ ಆಕ್ಷೇಪಣೆ ಸಹಜ. ಮೂರು ಮುದ್ರಿಕೆಗಳನ್ನು ಒಂದೇ ದಿನ ಕೇಳಿದರೆ ನಮಗೂ ಹಾಗೆಯೇ ತೋರುತ್ತದೆ.

2009ರ 'ರಿಸ್ಟೋರ್ಡ್, ರಿಟರ್ನ್ಡ್' ಮುದ್ರಿಕೆಯಲ್ಲಿ ತಂಡ ಬೆಳೆಯಿತು. ಸ್ಯಾಕ್ಸೊಫೋನಿಗೆ ತೂರೆ ಬ್ರುನ್‌ಬೋರ್ಗ್, ಬಾಸ್‌ಗೆ ಮಾಟ್ಸ್ ಐಲರ್ಟ್‌ಸೆನ್, ಆಂಗ್ಲ ಕವಿ ಆಡೆನ್ನರ ಕವಿತೆಗಳನ್ನು ಹಾಡಲು ಕ್ರಿಸ್ತಿನ್ ಆಸ್‌ಬ್ಯೋರ್ನ್‌ಸೆನ್ ಬಂದರು. ನಾರ್ವೆಯ ಸ್ಪೆಲ್ಲೆಮನ್ ಪ್ರಶಸ್ತಿ ಇದಕ್ಕೆ ಸಂದಿತು. ಆದರೆ 2011ರಲ್ಲಿ ಹಾರಾಲ್ಡ್ ಯೂನ್ಸೆನ್ ತಮ್ಮ ನಲವತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡರು. ಮೊದಲ ಮೂರು ಮುದ್ರಿಕೆಗಳಲ್ಲಿ ಪಿಯಾನೊ ಬಿಟ್ಟ ಜಾಗವನ್ನು ತುಂಬದೆ ಕಾಯ್ದವರು ಅವರೇ. ಗುಸ್ತಾವ್‌ಸೆನ್ ಮತ್ತೆ ಮೂವರ ತಂಡದ ಮುದ್ರಿಕೆಯನ್ನು ಹೊರತಂದದ್ದು 2018ರಲ್ಲಿ, ಸಿಗುರ್ದ್ ಹೂಲೆ ಎಂಬ ಬಾಸ್ ವಾದಕರೊಡನೆ. ಹನ್ನೊಂದು ವರ್ಷಗಳ ಅಂತರ.

ಈ ಅಂತರದಲ್ಲಿ ಬಂದ ಒಂದು ಕೃತಿಯ ಬಗ್ಗೆ, ಪರದೇಶದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಾವು, ವಿಶೇಷವಾಗಿ ಹೇಳಲೇಬೇಕು. ಅದು 2016ರ 'ವಾಟ್ ವಾಸ್ ಸೆಡ್'. ಗಾಯಕಿ ಸಿಮಿನ್ ತಾಂಡರ್ ಅವರ ತಂದೆ ಆಫ್ಘನ್, ತಾಯಿ ಜರ್ಮನ್. ಬಾಲ್ಯದಿಂದ ಕೇಳಿದ್ದ ನಾರ್ವೆಯ ಸ್ತುತಿಗೀತೆಗಳನ್ನು ಗುಸ್ತಾವ್‌ಸೆನ್ ಆರಿಸಿದರು; ಹಮ್‌ಸಾಯಾ ಎಂಬ ಆಫ್ಘನ್ ಕವಿ ಅವುಗಳನ್ನು ಪಶ್ತೋ ಭಾಷೆಗೆ ತಂದರು; ತಾಂಡರ್ ತಮ್ಮ ತಂದೆಯ ಆ ನುಡಿಯಲ್ಲಿ ಹಾಡಿದರು. ಜೊತೆಗೆ ಜಲಾಲುದ್ದೀನ್ ರೂಮಿಯ ಪದ್ಯಗಳು ಇಂಗ್ಲಿಷಿನಲ್ಲಿ. ಲೂಥರನ ಪಂಥದ ಹಾಡು ಪಶ್ತೋದಲ್ಲಿ! ಕಲಬೆರಕೆಯೆಂದು ಮೂಗು ಮುರಿಯುವ ಮೊದಲು ಕೇಳಿ ನೋಡಬೇಕು. ಧಾಟಿ ಹಳ್ಳಿಯದಾಗಿಯೇ ಉಳಿದಿದೆ, ನುಡಿ ಪರಕೀಯವೆನಿಸುವುದಿಲ್ಲ. ಇಲ್ಲಿ ಹುಟ್ಟಿದ ನಮ್ಮ ಮಕ್ಕಳು ದೇವರನಾಮವನ್ನು ತಮ್ಮ ಉಚ್ಚಾರಣೆಯಲ್ಲಿ ಹಾಡುವಾಗ ತಿದ್ದಲು ಬಾಯಿ ತೆರೆಯುವ ನಮಗೆ ಈ ಮುದ್ರಿಕೆ ಸ್ವಲ್ಪ ತಡೆಯೊಡ್ಡಿದೆ.

2022ರ 'ಓಪನಿಂಗ್' ಮತ್ತು 2024ರ 'ಸೀಯಿಂಗ್' ಮುದ್ರಿಕೆಗಳಲ್ಲಿ ಬಾಸ್ ನುಡಿಸಿದವರು ಸ್ಟೈನಾರ್ ರಾಕ್ನೆಸ್. ಡ್ರಮ್ಸ್ ಮೊದಲಿನಿಂದಲೂ ವೆಸ್ಪೆಸ್ತಾದ್ ಅವರದೇ. 'ಸೀಯಿಂಗ್' ಮುದ್ರಿಕೆಯಲ್ಲಿ ಬಾಖ್‌ನ ಎರಡು ಚರ್ಚ್ ಗೀತೆಗಳೂ ನಾರ್ವೆಯ ಹಳೆಯ ಸ್ತುತಿಗೀತೆಯೂ ಸೇರಿವೆ. ಹೊಸದಾಗಿ ಕೇಳುವವರು ಮೊದಲ ಮುದ್ರಿಕೆಯ 'ಗ್ರೇಸ್‌ಫುಲ್ ಟಚ್' ಎಂಬ ರಚನೆಯಿಂದ ಆರಂಭಿಸಬಹುದು. ಕಾರಿನಲ್ಲಿ ಬೇಡ; ಅಡಿಗೆಮನೆಯ ಕೆಲಸವೆಲ್ಲ ಮುಗಿದ ಮೇಲೆ, ದೂರದರ್ಶನವನ್ನು ಆರಿಸಿ.